ಕಾಕಂಬಿಯೂ ಹುಲ್ಲೂ



ಸಕ್ಕರೆಯ ಕಾರ್ಖಾನೆಯ ಬಳಿ ಸುಳಿದಾಡಿದವರು ಅಲ್ಲಿಯ ಹುಳಿಬೆರೆತ ಸಿಹಿನಾತವನ್ನು ಮರೆಯಲಾರರು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದಂದಿನಿಂದ ನಮ್ಮವರಿಗೆ ಅದು ಪರಿಚಿತವೇ. ಅದರ ಮೂಲವು ಕಾಕಂಬಿ. ಎಂದರೆ, ಕಬ್ಬಿನ ಹಾಲನ್ನು ಕಾಯಿಸಿ, ಹರಳುಗಟ್ಟಿದ ಸಕ್ಕರೆಯನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪನೆಯ ಪಾಕ. ಅದರಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಸಕ್ಕರೆಯೇ ಆದರೂ ಅದು ಹರಳಾಗಲೊಲ್ಲದು.

ಇದಕ್ಕೆ ನೀರು ಬೆರೆಸಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಬಿಟ್ಟರೆ, ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವಾಯುವನ್ನೂ ಹೊರಗೆಡಹುವುದು. 180 ತೂಕ ಗ್ಲೂಕೋಸಿಗೆ, ಲೆಕ್ಕದ ಪ್ರಕಾರ, 92 ತೂಕ ಮದ್ಯಸಾರ. ಉಳಿದ 88 ಗಾಳಿಯ ಪಾಲು. ಆದರೆ ಮದ್ಯವು ಹೆಚ್ಚಿದಂತೆಲ್ಲ ಯೀಸ್ಟ್ ತನ್ನ ಕೆಲಸವನ್ನು ನಿಲ್ಲಿಸಿಬಿಡುವುದು. ಮನುಷ್ಯರಿಗೆ ಇಷ್ಟು ವಿವೇಕವಿಲ್ಲ! ಆಗ ಭಟ್ಟಿಯಿಳಿಸಬೇಕು. ನೂರಕ್ಕೆ ಸುಮಾರು 95 ಭಾಗ ಶುದ್ಧವಾದ ಮೇಲೆ, ಎಷ್ಟು ಕುದಿಸಿದರೂ ಉಳಿದ ನೀರು ಬಿಡದು. ನೀರನ್ನು ಹೀರುವ ಹರಳುಗಳ ಮೂಲಕ ಹಾಯಿಸಿ ಅದನ್ನು ತೆಗೆಯುವರು. ನೀರುಳಿದರೆ ಪೆಟ್ರೋಲೂ ಮದ್ಯಸಾರವೂ ಬೇರೆಬೇರೆಯಾಗಿ ನಿಲ್ಲುವ ಭಯವುಂಟು.

ಈ ಮಿಶ್ರಣವು ಹೊಸ ವಿಚಾರವಲ್ಲ. 1948ರಲ್ಲಿಯೇ ಭಾರತದಲ್ಲಿ ಇದಕ್ಕಾಗಿ ಶಾಸನವಾಯಿತು. 2003ರಲ್ಲಿ ಯೋಜನೆಯು ಮತ್ತೆ ಮೊದಲಾಗಿ, 2025ರಲ್ಲಿ ನೂರಕ್ಕೆ 20ನ್ನು ಮುಟ್ಟಿತು. ಒಂದು ಲೀಟರ್ ಮದ್ಯಸಾರದ ಶಕ್ತಿ ಅಷ್ಟೇ ಪೆಟ್ರೋಲಿನ ಮೂರರಲ್ಲೆರಡು ಪಾಲು ಮಾತ್ರವೆಂಬುದನ್ನು ವಾಹನವುಳ್ಳವರು ನೆನಪಿಡಬೇಕು.

ಕಬ್ಬಾದರೋ ಬಹಳ ನೀರು ಕುಡಿಯುವ ಬೆಳೆ. ಆದುದರಿಂದ ವಿಜ್ಞಾನಿಗಳ ದೃಷ್ಟಿಯು ಹುಲ್ಲಿನ ಕಡೆಗೆ ತಿರುಗಿತು. ಹುಲ್ಲಿನ ನಾರೂ ಸಕ್ಕರೆಯ ಸರಪಣಿಯೇ. 1819ರಲ್ಲಿ ಫ್ರಾನ್ಸಿನ ಬ್ರಾಕೊನೋ ಎಂಬ ರಸಾಯನಜ್ಞನು ಹಳೆಯ ನಾರುಬಟ್ಟೆಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಸಕ್ಕರೆಯನ್ನು ಪಡೆದನು. ಆದರೆ ಹುಲ್ಲಿನಲ್ಲಿ ಆ ಸರಪಣಿಯನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತುವು ಗಾರೆಯಂತೆ ಬಿಗಿದಿರುವುದು. ಮೊದಲು ಆವಿಯಿಂದಲೋ ಆಮ್ಲದಿಂದಲೋ ಅದನ್ನು ಸಡಿಲಿಸಿ, ಬಳಿಕ ಕಿಣ್ವಗಳಿಂದ ಕತ್ತರಿಸಬೇಕು. ಹೀಗೆ ಬಂದ ಸಕ್ಕರೆಗಳಲ್ಲಿಯೂ ಕ್ಸೈಲೋಸನ್ನು ಸಾಮಾನ್ಯ ಯೀಸ್ಟ್ ಮುಟ್ಟದು. ವೆಚ್ಚವೆಲ್ಲ ಇಲ್ಲಿಯೇ.

2022ರಲ್ಲಿ ಪಾಣಿಪತದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂತಹ ಕಾರ್ಖಾನೆಯು ಆರಂಭವಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತಯಾರಿಸುವುದೆಂದು ಅದರ ಗುರಿ. ಗೋಧಿಯ ಬಿತ್ತನೆಗೆ ಅವಸರಪಡುವ ಆ ಸೀಮೆಯಲ್ಲಿ ಹೊಲದಲ್ಲಿಯೇ ಹುಲ್ಲನ್ನು ಸುಡುವ ರೂಢಿಯುಂಟು. ಅದರ ಹೊಗೆಯನ್ನು ದೆಹಲಿಯ ಮಕ್ಕಳು ಉಸಿರಾಡಬೇಕಾಗಿದೆ. ಅಲ್ಲಿ ಇದು ಯೋಗ್ಯವಾದ ಕಾರ್ಯವೆಂದೇ ನನ್ನ ಮತ.

ನಮ್ಮ ಕಡೆ ಹಾಗಲ್ಲ. ನಮ್ಮ ಒಕ್ಕಲಿಗನ ಮನೆಯ ಹಿಂದೆ ಬಣವೆಯಿರುವುದು. ಅದು ವರ್ಷವೆಲ್ಲ ದನದ ಮೇವು. ವರದಿಗಳಲ್ಲಿ ಇದನ್ನು ‘ಬೇಸಾಯದ ಕಸ’ವೆಂದು ಬರೆಯುವವರು ಒಂದು ದಿನ ಹಸುವಿಗೆ ಹುಲ್ಲು ಹಾಕಿ ನೋಡಲಿ. ಕಾರ್ಖಾನೆಯು ಕೊಳ್ಳಲು ಬಂದರೆ ಗದ್ದೆಯುಳ್ಳವನಿಗೆ ನಾಲ್ಕು ಕಾಸು ಹೆಚ್ಚು ದೊರೆಯಬಹುದು. ಗದ್ದೆಯಿಲ್ಲದೆ ಎರಡು ಹಸು ಕಟ್ಟಿಕೊಂಡು, ಹಾಲು ಮಾರಿ ಬದುಕುವ ಹೆಂಗಸು ಅದೇ ಹುಲ್ಲನ್ನು ಯಾವ ಬೆಲೆಗೆ ಕೊಳ್ಳಬೇಕು?