ಪತ್ರ ಓದುವವನು ನಮ್ಮವನಾಗಿರಲಿ

(ಗಿರಣಿ ಕೆಲಸಗಾರರು ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಪಾಳಿಗಳ ಬಗ್ಗೆ ನಾವು ನಿಮ್ಮೆದುರು ಎಷ್ಟೋ ಸಲ ಮಾತನಾಡಿದ್ದೇವೆ. ಈ ದಿನದ ವಿಷಯ ಬೇರೆ. ಸಂಬಳದಲ್ಲಿ ನೂರು ರೂಪಾಯಿ ಕಡಿಮೆ ಬಂದರೆ ಗೇಟಿನ ಮುಂದೆ ನಿಂತು ಲೆಕ್ಕ ಕೇಳುವವರು ನಾವು. ಆದರೆ ಮನೆ ಕೊಳ್ಳುವ ದಿನ, ಇಪ್ಪತ್ತು ವರ್ಷದ ಉಳಿತಾಯವನ್ನು ಎಣಿಸಿಕೊಡುವಾಗ, ಎದುರಿಗಿಟ್ಟ ಕಾಗದವನ್ನು ಯಾರಿಂದಲೂ ಓದಿಸದೆ ರುಜು ಹಾಕುತ್ತೇವೆ. ಇದು ಯಾವ ನ್ಯಾಯ?

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುತ್ತೇವೆ. ನಾವು ಮೇಷ್ಟರಾಗಿದ್ದ ಕಾಲ. ಅಕ್ಷರ ದುಂಡಗಿದೆ ಎಂದು ಕೇರಿಯವರೆಲ್ಲ ಅರ್ಜಿ, ಕರಾರು ಬರೆಸಿಕೊಳ್ಳಲು ನಮ್ಮಲ್ಲಿಗೆ ಬರುತ್ತಿದ್ದರು. ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದ ಹಿರಿಯರೊಬ್ಬರು ಎರಡು ಅಂಕಣದ ಮನೆಯೊಂದನ್ನು ಗೊತ್ತುಮಾಡಿಕೊಂಡು ಬಂದರು. “ಮೇಷ್ಟ್ರೇ, ವಕೀಲರಿಗೆ ಯಾಕೆ ದುಡ್ಡು, ನೀವೇ ಬರೆದುಕೊಡಿ” ಎಂದರು. ಹೆಮ್ಮೆಯಿಂದ ಛಾಪಾ ಕಾಗದದ ಮೇಲೆ ಕರಾರು ಬರೆದುಕೊಟ್ಟೆವು. ಋಣಭಾರ ಪತ್ರ ತೆಗೆಸಿದ್ದರು. ಅದರಲ್ಲಿ ಸಾಲದ ಸುಳಿವಿರಲಿಲ್ಲ. ಹಳೆಯ ಕ್ರಯಪತ್ರದ ಜೆರಾಕ್ಸ್ ಪ್ರತಿ ನೋಡಿದೆವು. ಒಂದು ಪ್ರಶ್ನೆ ಮಾತ್ರ ಕೇಳಲಿಲ್ಲ: ಮೂಲ ಪತ್ರ ಎಲ್ಲಿದೆ?

ಮೂಲ ಪತ್ರ ಸಾಲ ಕೊಟ್ಟವರ ಕಪಾಟಿನಲ್ಲಿತ್ತು. ಮಾರಿದವನು ಅದನ್ನು ಅಲ್ಲಿಟ್ಟು ಹಣ ಎತ್ತಿದ್ದ. ಹಿರಿಯರು ಕಂತು ಕಂತಾಗಿ ಮುಕ್ಕಾಲು ಪಾಲು ಕೊಟ್ಟು ಮುಗಿಸುವ ಹೊತ್ತಿಗೆ ಗೋಡೆಗೆ ಜಪ್ತಿಯ ನೋಟೀಸು ಅಂಟಿತು. ನಮ್ಮ ದುಂಡಗಿನ ಅಕ್ಷರ ಅವರನ್ನು ಉಳಿಸಲಿಲ್ಲ.

ಆಮೇಲೆ ನಾವು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮನೆ ಕೊಳ್ಳುವಾಗ ನಮ್ಮ ಸುತ್ತ ಎಷ್ಟೊಂದು ಜನ ಇರುತ್ತಾರೆ! ದಲ್ಲಾಳಿ ಇರುತ್ತಾನೆ, ವ್ಯಾಪಾರ ಕುದುರಿದರೆ ಮಾತ್ರ ಅವನಿಗೆ ಕಮಿಷನ್ನು, ಆದ್ದರಿಂದ ವ್ಯಾಪಾರ ಬೇಡ ಎಂದು ಅವನು ಹೇಳಲಾರ. ಪತ್ರ ಬರಹಗಾರ ಇರುತ್ತಾನೆ. ಹೇಳಿದ್ದನ್ನು ಬರೆಯುವುದು ಅವನ ಕಸುಬು, ಹಕ್ಕನ್ನು ಶೋಧಿಸುವುದಲ್ಲ. ಸಬ್ ರಿಜಿಸ್ಟ್ರಾರರು ಇರುತ್ತಾರೆ. ರುಜು ಹಾಕಿದವರು ಅವರೇ ಹೌದೋ, ಶುಲ್ಕ ಸರಿಯಾಗಿ ಬಂತೋ ಎಂದು ನೋಡುತ್ತಾರೆ. ಮಾರುವವನಿಗೆ ನಿಜವಾಗಿ ಹಕ್ಕಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಸಾಲ ಕೊಡುವ ಬ್ಯಾಂಕಿನ ವಕೀಲರೂ ಇರುತ್ತಾರೆ. ಅವರ ಫೀಜು ಕಟ್ಟುವವರು ನಾವಾದರೂ ಅವರು ಕಾಯುವುದು ಬ್ಯಾಂಕಿನ ಹಣವನ್ನು. ಇಷ್ಟು ಜನರ ನಡುವೆ ನಮ್ಮ ಕಡೆಯವನು ಒಬ್ಬನೂ ಇಲ್ಲ. ನಾವೇ ಗೊತ್ತುಮಾಡಿದ, ನಮಗೆ ಮಾತ್ರ ಜವಾಬು ಹೇಳಬೇಕಾದ ಒಬ್ಬ ವಕೀಲ ಬೇಕು ಎನ್ನುವುದು ಇದಕ್ಕೇ.

ಆ ವಕೀಲರು ಮಾಡುವುದೇನು? ಮೊದಲನೆಯದಾಗಿ, ಮೂಲ ಪತ್ರಗಳನ್ನು ಕಣ್ಣಾರೆ ನೋಡುತ್ತಾರೆ. ಸುಮಾರು ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿ, ಆಸ್ತಿ ಯಾರಿಂದ ಯಾರಿಗೆ ಬಂತೆಂಬ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಪರೀಕ್ಷಿಸುತ್ತಾರೆ. ಆ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ ಎಂಬುದನ್ನು ಮರೆಯಕೂಡದು. ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. ನೋಂದಣಿಯಿಲ್ಲದೆ ಪತ್ರವನ್ನು ಒತ್ತೆಯಿಟ್ಟು ತಂದ ಸಾಲವೂ ಕಾಣುವುದಿಲ್ಲ. ಬ್ಯಾಂಕುಗಳ ಅಡಮಾನಗಳನ್ನು ದಾಖಲಿಸಲು ಸೆರ್ಸಾಯ್ ಎಂಬ ಕೇಂದ್ರ ದಾಖಲೆಯೊಂದು 2011ರಿಂದ ಇದೆ. ಅದನ್ನೂ ತೆಗೆಸಿ ನೋಡಬೇಕು.

ಎರಡನೆಯದು, ರುಜು ಹಾಕಬೇಕಾದವರೆಲ್ಲ ಹಾಕುತ್ತಿದ್ದಾರೆಯೇ ಎಂಬುದು. ಪಿತ್ರಾರ್ಜಿತ ಮನೆಯನ್ನು ಅಣ್ಣತಮ್ಮಂದಿರು ಮಾತ್ರ ಕೂಡಿ ಮಾರುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಕ್ಕತಂಗಿಯರ ರುಜು ಇಲ್ಲದೆ ಕೊಂಡರೆ ನಾಳೆ ಅವರು ಪಾಲು ಕೇಳುತ್ತಾರೆ, ಕೇಳುವುದು ನ್ಯಾಯವೇ.

ಮೂರನೆಯದು, ನೆಲದ ಚರಿತ್ರೆ. ಹೊಲವನ್ನು ಭೂಪರಿವರ್ತನೆ ಮಾಡಿಸದೆ ಸೈಟು ಹಾಕಿ ಮಾರುವವರಿದ್ದಾರೆ. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು, ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವುದನ್ನು 1978ರ ಕರ್ನಾಟಕದ ಕಾಯಿದೆ ನಿಷೇಧಿಸಿದೆ. ಹಾಗೆ ಕೊಂಡರೆ ಬಡವನೊಬ್ಬನ ಭೂಮಿ ಹೋಗುತ್ತದೆ, ಇನ್ನೊಬ್ಬ ಬಡವನ ಹಣ ಹೋಗುತ್ತದೆ. ನಡುವಿನವನು ಮಾತ್ರ ಲಾಭದೊಡನೆ ಮನೆಗೆ ಹೋಗುತ್ತಾನೆ.

“ಕರಾರು ಆಗಿದೆ, ಜಿ.ಪಿ.ಎ. ಬರೆಸಿಕೊಂಡಿದ್ದೇವೆ, ಸಾಲದೇ?” ಎಂದು ಕೇಳುವವರುಂಟು. ಸಾಲದು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಮನೆ, ಜಾಗ ನೋಂದಣಿಯಾದ ಕ್ರಯಪತ್ರದಿಂದಲೇ ಕೈ ಬದಲಾಗಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳುತ್ತದೆ. ಕರಾರು, ಜಿ.ಪಿ.ಎ., ಉಯಿಲು ಸೇರಿಸಿ ಮಾಡುವ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿದೆ.

ಅಂಗಡಿ ಇಟ್ಟ ಬಂಧುಗಳಿಗೆ ವಿಶೇಷವಾಗಿ ಒಂದು ಮಾತು. ಸರಕು ತರಲು ಹಣ ಬೇಕಾದಾಗ ಲೇವಾದೇವಿಯವರು, “ಭದ್ರತೆಗೆ ಒಂದು ಕ್ರಯಪತ್ರ ಮಾಡಿಕೊಡಿ, ಸಾಲ ತೀರಿದ ದಿನ ವಾಪಸು ಬರೆದುಕೊಡುತ್ತೇವೆ” ಎನ್ನುತ್ತಾರೆ. ಮರಳಿ ಕೊಡುವ ಷರತ್ತು ಅದೇ ಪತ್ರದಲ್ಲಿ ಬರೆದಿರದಿದ್ದರೆ ಅಂಥ ವ್ಯವಹಾರವನ್ನು ಅಡಮಾನವೆಂದು ಕಾನೂನು ಎಣಿಸುವುದಿಲ್ಲ. ಸಾಲಕ್ಕೆ ಅಡಮಾನ ಪತ್ರ, ಮಾರಾಟಕ್ಕೆ ಕ್ರಯಪತ್ರ. ಒಂದರ ಬದಲು ಇನ್ನೊಂದಕ್ಕೆ ರುಜು ಹಾಕಿದವನು ಮನೆಯನ್ನು ಮಾರಿದ ಹಾಗೆಯೇ. ಹೆಚ್ಚು ಬಡ್ಡಿಯ ಸಾಲ ತೀರಿಸಿ ಬೇರೆ ಬ್ಯಾಂಕಿಗೆ ಅಡಮಾನ ಬದಲಾಯಿಸುವವರೂ ಎಚ್ಚರದಿಂದಿರಬೇಕು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಆಜ್ಞೆ ಮಾಡಿದೆ. ಕೇಳಿ ಪಡೆಯಿರಿ.

ಇನ್ನು ಮನೆ ಮಾರುವವರು. ಹಣ ಪೂರ್ತಿ ಕೈಗೆ ಬಾರದೆ ಕ್ರಯಪತ್ರಕ್ಕೆ ರುಜು ಹಾಕಬೇಡಿ. ದಲ್ಲಾಳಿಯ ಹೆಸರಿಗೆ ಜಿ.ಪಿ.ಎ. ಕೊಡಬೇಡಿ. ಮಾರುವವನಿಗೂ ಕೊಳ್ಳುವವನಿಗೂ ಒಬ್ಬರೇ ವಕೀಲರಾದರೆ ಖರ್ಚು ಉಳಿಯುತ್ತದೆ ಎನ್ನುತ್ತಾರೆ. ಮಾಲೀಕನ ವಕೀಲರೇ ಸಂಘಕ್ಕೂ ವಕೀಲರಾದರೆ ಒಪ್ಪುತ್ತೇವೆಯೇ?

“ಫೀಜು ಎಲ್ಲಿಂದ ತರೋಣ?” ಎಂಬ ಪ್ರಶ್ನೆ ನಮಗೆ ಗೊತ್ತು. ಹತ್ತು ಲಕ್ಷದ ಮನೆಗೆ ಶೇಕಡಾ 5ರ ಮುದ್ರಾಂಕ ಶುಲ್ಕವೇ 50,000 ರೂಪಾಯಿ. 2025ರ ಆಗಸ್ಟ್ ಕೊನೆಯಲ್ಲಿ ಶೇಕಡಾ 2ಕ್ಕೆ ಏರಿದ ನೋಂದಣಿ ಶುಲ್ಕ 20,000. ಮೇಲೆ ಸೆಸ್ಸು, ದಲ್ಲಾಳಿಯ ಕಮಿಷನ್ನು. ಇಷ್ಟೆಲ್ಲ ಕೊಟ್ಟವರು ಪತ್ರ ಓದಿಸುವ ಖರ್ಚೊಂದನ್ನೇ ಉಳಿಸಹೋಗುವುದು ಜಾಣತನವಲ್ಲ. ಫೀಜನ್ನು ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಿ; ಅಭಿಪ್ರಾಯವನ್ನು ಬರವಣಿಗೆಯಲ್ಲಿ ಕೇಳಿ; ರಸೀದಿ ಪಡೆಯಿರಿ.

ಅದೂ ಆಗದವರಿಗೆ ಇನ್ನೊಂದು ದಾರಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮು ಕೈಗಾರಿಕಾ ಕಾರ್ಮಿಕರಿಗೆ, ಎಲ್ಲ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ಸೇವೆಯ ಹಕ್ಕು ಕೊಟ್ಟಿದೆ. ಆ ಸೇವೆಯಲ್ಲಿ ಸಲಹೆಯೂ ಸೇರಿದೆ. ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ ಇದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ಕೇಳಬಹುದು. ಇದು ಯಾರ ಕೃಪೆಯೂ ಅಲ್ಲ, ಹಕ್ಕು.

ಕೊನೆಯದಾಗಿ ಸಂಘದ ಮುಂದೆ ಒಂದು ಸಲಹೆ. ವಾರಕ್ಕೊಂದು ಸಂಜೆ ಒಬ್ಬ ನಂಬಿಕಸ್ಥ ವಕೀಲರು ಸಂಘದ ಕಚೇರಿಯಲ್ಲಿ ಕೂರುವಂತೆ ಏರ್ಪಾಡು ಮಾಡೋಣ. ಫೀಜನ್ನು ಎಲ್ಲರೂ ಹಂಚಿಕೊಳ್ಳೋಣ. ಮುಂಗಡ ಕೊಡುವ ಮುನ್ನ, ಕೊಟ್ಟ ಮೇಲಲ್ಲ, ಕಾಗದಗಳನ್ನು ಅಲ್ಲಿಗೆ ತರುವುದು ನಮ್ಮೆಲ್ಲರ ರೂಢಿಯಾಗಲಿ.

ಆ ಹಿರಿಯರು ಇಂದೂ ಬಾಡಿಗೆ ಮನೆಯಲ್ಲಿದ್ದಾರೆ. ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. “ನನ್ನ ಹೆಸರು ಬೇಡ, ವಿಷಯ ಮಾತ್ರ ಹೇಳಿ ಮೇಷ್ಟ್ರೇ” ಎಂದರು. ಹೇಳಿದ್ದೇವೆ.