ಮುರಿದ ಬೋಲ್ಟು: ಅವಸರ ಬೇಡ, ವಿಚಾರಿಸಿ ಒಪ್ಪಿ



ನಮ್ಮ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆ ಎಷ್ಟೋ ಮನೆಗಳ ಅನ್ನ ಒಂದು ಗಾಡಿಯನ್ನು ನಂಬಿಕೊಂಡಿದೆ. ಬಾಡಿಗೆ ಕಾರು, ಶಾಲಾ ಮಕ್ಕಳ ವ್ಯಾನು, ಯಶವಂತಪುರದ ಮಾರ್ಕೆಟ್ಟಿಗೆ ಹೋಗುವ ಟೆಂಪೊ. ಗಾಡಿ ಗ್ಯಾರೇಜಿನಲ್ಲಿ ನಿಂತರೆ ಸಂಪಾದನೆ ನಿಂತಿತು, ಸಾಲದ ಕಂತು ಮಾತ್ರ ನಿಲ್ಲೋದಿಲ್ಲ. ಅಂಥ ಹೊತ್ತಿನಲ್ಲಿ "ಇಂಜಿನ್ನಲ್ಲಿ ಬೋಲ್ಟು ಮುರಿದಿದೆ, ಹೆಡ್ಡೇ ಬದಲಾಯಿಸಬೇಕು" ಅಂದರೆ ಹೆದರಿ ಹೂಂ ಅನ್ನುತ್ತೇವೆ. ಹೂಂ ಅನ್ನೋ ಮೊದಲು ಕೆಲವು ವಿಷಯ ತಿಳಿದಿರಲಿ.

ಬೋಲ್ಟು ಯಾಕೆ ಹಿಡಿದುಕೊಳ್ಳುತ್ತದೆ? ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಜಾಗ ದಿನಾ ಕಾದು ಆರುತ್ತದೆ. ನೀರು ಬಿದ್ದು ತುಕ್ಕು ಹಿಡಿಯುತ್ತದೆ. ಎಷ್ಟೋ ಗಾಡಿಗಳಲ್ಲಿ ಹೆಡ್ಡು ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಎರಡೂ ಕಚ್ಚಿಕೊಂಡಾಗ ಬಲವಾಗಿ ತಿರುಗಿಸಿದರೆ ತಲೆ ಮುರಿದು, ಬುಡ ಒಳಗೇ ಉಳಿಯುತ್ತದೆ.

ಮನೇಲಿ ಎರಡು ಲೋಟ ಒಂದರೊಳಗೊಂದು ಸಿಕ್ಕಿಕೊಂಡರೆ ಏನು ಮಾಡ್ತೀವಿ? ಹೊರಗಿನ ಲೋಟವನ್ನು ಬಿಸಿನೀರಲ್ಲಿ ಇಟ್ಟು, ಒಳಗಿನದಕ್ಕೆ ತಣ್ಣೀರು ಹಾಕ್ತೀವಿ. ಇಲ್ಲಿಯೂ ಅದೇ ನ್ಯಾಯ. ಮೊದಲು ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ಆಮೇಲೆ ಬೋಲ್ಟಿನ ಸುತ್ತಲಿನ ಲೋಹವನ್ನು ಹದವಾಗಿ ಕಾಯಿಸಬೇಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಬೆಂಕಿ ಬೇಡವೇ ಬೇಡ.

ಬುಡ ಸ್ವಲ್ಪ ಹೊರಗಿದ್ದರೆ ಅದರ ಮೇಲೊಂದು ನಟ್ಟು ವೆಲ್ಡ್ ಮಾಡಿ ತಿರುಗಿಸುತ್ತಾರೆ. ವೆಲ್ಡಿಂಗಿನ ಶಾಖವೂ ಹಿಡಿತ ಬಿಡಿಸುತ್ತದೆ. ಮಟ್ಟಕ್ಕೆ ಮುರಿದಿದ್ದರೆ ಸರಿಯಾಗಿ ನಡುವಿಗೆ ಗುರುತು ಹಾಕಿ, ನೇರವಾಗಿ ಡ್ರಿಲ್ ಮಾಡಿ, ಎಡಕ್ಕೆ ತಿರುಗಿಸಿ ತೆಗೆಯುವ ಉಪಕರಣ ಹಾಕುತ್ತಾರೆ. ಇಲ್ಲೇ ಅವಸರ ದುಬಾರಿಯಾಗೋದು. ಆ ಉಪಕರಣ ಬಹಳ ಗಟ್ಟಿ ಉಕ್ಕಿನದು. ಅದೇ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯೋದಿಲ್ಲ. ಆಗ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರ ಇರುವ ವರ್ಕ್‌ಶಾಪಿಗೆ ಒಯ್ಯಬೇಕು. ಇನ್ನು ಬೋಲ್ಟಿನ ಥ್ರೆಡ್ ಹಾಳಾಗಿದ್ದರೂ ಹೆಡ್ಡು ಹಾಳಾಯ್ತು ಅಂತಲ್ಲ. ಹೊಸ ಥ್ರೆಡ್ ಸುರುಳಿ ಕೂರಿಸಬಹುದು. ಹೆಡ್ಡು ಬಿರುಕು ಬಿಟ್ಟಿದ್ದರೆ ಮಾತು ಬೇರೆ. ಆ ಬಿರುಕನ್ನು ತೋರಿಸಿ ಅನ್ನಿ.

ಆದ್ದರಿಂದ ಗ್ಯಾರೇಜಿನಲ್ಲಿ ಇಷ್ಟು ಕೇಳಿ: ಎಣ್ಣೆ ಹಾಕಿ ಎಷ್ಟು ಹೊತ್ತಾಯ್ತು? ಬುಡ ಹೊರಗಿದೆಯೇ, ಒಳಗಿದೆಯೇ? ಲೇತ್ ಅಂಗಡಿಯಲ್ಲಿ ತೆಗೆಸಿದರೆ ಎಷ್ಟಾಗುತ್ತೆ, ಹೆಡ್ಡು ಬದಲಾಯಿಸಿದರೆ ಎಷ್ಟಾಗುತ್ತೆ? ಎರಡನ್ನೂ ಬರೆದು ಕೊಡಿ. ಮುರಿದ ತುಂಡನ್ನು ನಮ್ಮ ಕೈಗೆ ಕೊಡಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗಳಿಗೆ ಬೇಸರ ಮಾಡಿಕೊಳ್ಳೋದಿಲ್ಲ.

ಇದು ಗಂಡಸರ ವಿಷಯ ಅನ್ನಬೇಡಿ. ನಮ್ಮ ಜಾಲಹಳ್ಳಿಯಲ್ಲೇ 1961ರಲ್ಲಿ ಶುರುವಾದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಕಾರ್ಖಾನೆ ಮುಚ್ಚಿತು, ಅವರು ಜೋಡಿಸಿದ ಗಡಿಯಾರಗಳು ಎಷ್ಟೋ ಮನೆಗಳಲ್ಲಿ ಇನ್ನೂ ಓಡ್ತಾ ಇವೆ.

ಮುಂದಿನ ಸಭೆಯಲ್ಲಿ ರಿಪೇರಿಗೆ ಅಂತ ಯಾರಾದರೂ ಸಾಲ ಕೇಳಿದರೆ, ಇಲ್ಲ ಅನ್ನಬೇಡಿ. ಆದರೆ ಆ ಎರಡು ಲೆಕ್ಕದ ಚೀಟಿ ತರಿಸಿ, ಎಲ್ಲರೂ ನೋಡಿ, ಆಮೇಲೆ ನಿರ್ಣಯ ಬರೆಯಿರಿ. ಗಾಡಿ ಒಂದು ದಿನ ಹೆಚ್ಚು ನಿಂತರೂ ಪರವಾಗಿಲ್ಲ, ತಿಂಗಳುಗಟ್ಟಲೆ ಕಟ್ಟುವ ಸಾಲ ತಪ್ಪಬಹುದು.