ಬೆಟ್ಟದ ಮೇಲಣ ಅಧಿಕಾರ

ತನ್ನದೇ ವಿಧಾನಸಭೆಯನ್ನೂ ಸಿ. ಎಂ. ಪೂಣಚ್ಚನವರ ಮಂತ್ರಿಮಂಡಲವನ್ನೂ ಹೊಂದಿದ್ದ ಪುಟ್ಟ ಕೊಡಗು ರಾಜ್ಯವು 1956ರ ನವೆಂಬರ್ 1ರಂದು ಮೈಸೂರಿನಲ್ಲಿ ವಿಲೀನವಾದಾಗ, ಸಂವಿಧಾನವು ಅರಣ್ಯವನ್ನು ರಾಜ್ಯಪಟ್ಟಿಯಲ್ಲಿ ಇರಿಸಿದ್ದ ಕಾರಣ, ಇಲ್ಲಿಯ ಕಾಡುಗಳ ಕುರಿತು ಶಾಸನ ರಚಿಸುವ ಹೊಣೆ ಬೆಂಗಳೂರಿನದಾಯಿತು. ಇಪ್ಪತ್ತು ವರ್ಷಗಳ ತರುವಾಯ, 1976ರ 42ನೆಯ ತಿದ್ದುಪಡಿಯು ಅರಣ್ಯವನ್ನು ಸಮವರ್ತಿ ಪಟ್ಟಿಗೆ ಸಾಗಿಸಿ, ಪರಿಸರ ಸಂರಕ್ಷಣೆಯು ರಾಜ್ಯದ ಕರ್ತವ್ಯವೆಂದು 48ಎ ವಿಧಿಯಲ್ಲಿ ಸಾರಿತು. ಅನಂತರ 1980ರ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನು ಅನುಷ್ಠಾನಗೊಳಿಸಲೆಂದು, ಅಂತಾರಾಷ್ಟ್ರೀಯ ನಿರ್ಣಯಗಳಿಗಾಗಿ ಯಾವ ವಿಷಯದಲ್ಲಿಯಾದರೂ ಶಾಸನ ಮಾಡಲು ಸಂಸತ್ತಿಗೆ ಅವಕಾಶವೀಯುವ 253ನೆಯ ವಿಧಿಯನ್ನು ಆಶ್ರಯಿಸಿ, 1986ರ ಪರಿಸರ ಸಂರಕ್ಷಣಾ ಕಾಯಿದೆಯೂ ಬಂದಿತು.

ಹವಾಮಾನ ಬದಲಾವಣೆ ಎಂಬ ಹೆಸರು ಮೂರು ಪಟ್ಟಿಗಳಲ್ಲಿ ಎಲ್ಲಿಯೂ ಇಲ್ಲ. ಆದರೆ ಭೂಮಿ, ಕೃಷಿಗಳು ಇಂದಿಗೂ ರಾಜ್ಯದವೇ. ಭತ್ತದ ಗದ್ದೆಗೆ ಸೊಪ್ಪು, ಸೌದೆ, ಮೇವುಗಳಿಗೆಂದು ಹಿಂದೆ ಹೊಂದಿಸಿಕೊಟ್ಟ ಬಾಣೆಗಳಲ್ಲಿ ಈಗ ನೆರಳಿನ ಕಾಫಿ ಬೆಳೆದಿರುವ ಈ ಜಿಲ್ಲೆಯಲ್ಲಿ, ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಆರಂಭವಾಗುತ್ತದೆಂದು ದೆಹಲಿಯ ನಕ್ಷೆ ಹೇಳಲಾರದು.

ಪಶ್ಚಿಮಘಟ್ಟಗಳ ಕುರಿತ ಕಸ್ತೂರಿರಂಗನ್ ಸಮಿತಿಯ ವರದಿಯನ್ನಾಧರಿಸಿ 2014ರ ಮಾರ್ಚ್ 10ರಂದು ಕೇಂದ್ರವು ಹೊರಡಿಸಿದ ಕರಡು ಅಧಿಸೂಚನೆಯು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸೂಚಿಸಿತು. ಆಕ್ಷೇಪಣೆಗಳನ್ನು ಆಲಿಸದೆ ಕರಡನ್ನು ಅಂತಿಮಗೊಳಿಸುವಂತಿಲ್ಲ; ನಿಯತಾವಧಿ ಕಳೆದರೆ ಅದು ನಿಷ್ಫಲ. ಕಾರ್ಯಾಂಗದ ಮೇಲಣ ಈ ಕಟ್ಟಳೆ ನ್ಯಾಯವಾದುದೆಂದೇ ನನ್ನ ದೃಢವಾದ ನಂಬಿಕೆ, ಏಕೆಂದರೆ ಬೆಟ್ಟದಲ್ಲಿ ಬಾಳುವವನ ಮಾತಿಗೆ ಇರುವ ದ್ವಾರವೇ ಅದು. ಆದರೆ ಕರಡು ಹೊರಡುವುದೂ ಲೋಪವಾಗುವುದೂ ಪುನಃ ಹೊರಡುವುದೂ ನಡೆದಿರುವಂತೆಯೇ, 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಇಳಿಜಾರುಗಳು ಜಾರಿದವು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟವು ಅರ್ಚಕರ ಮನೆಗಳ ಮೇಲೆ ಕುಸಿಯಿತು.

ಹವಾಮಾನ ವೈಪರೀತ್ಯದ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಪ್ರಜೆಯ ಹಕ್ಕೆಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಘೋಷಿಸಿತು. ಅದೇ ವರ್ಷದ ಜುಲೈ 31ರಂದು ಆರನೆಯ ಕರಡು ಹೊರಟಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವು ವರದಿಯನ್ನು ತಿರಸ್ಕರಿಸಿತು. ತಿರಸ್ಕರಿಸುವ ಸರ್ಕಾರಕ್ಕೂ 48ಎ ವಿಧಿಯ ಕರ್ತವ್ಯ ತಪ್ಪಿದ್ದಲ್ಲ: ಯಾವ ಇಳಿಜಾರಿನಲ್ಲಿ ಮಣ್ಣು ಅಗೆಯಕೂಡದು, ಯಾವ ಬಾಣೆಯಲ್ಲಿ ಮರ ಉಳಿಯಬೇಕು ಎಂಬುದನ್ನು ಬೆಳೆಗಾರರೊಡನೆ ಕುಳಿತು ಗ್ರಾಮಗ್ರಾಮವಾಗಿ ಗುರುತಿಸಿ ತನ್ನದೇ ನಕ್ಷೆಯನ್ನು ಅದು ದೆಹಲಿಯ ಮುಂದಿಡಬೇಕು.